ಲೋಟದ ತಳದ ಬಿಳಿ ಎಳೆ

ಹಾಲು ಕುಡಿಯೋದು ಬಿಟ್ಟು ಲೋಟವನ್ನು ಕಿಟಕಿಗೆ ಹಿಡಿದು ಏನು ನೋಡ್ತೀಯ ಮರಿ? ಕೇಸರಿ ಅದು, ಕೇಸರಿ. ನಿನ್ನ ದೊಡ್ಡಪ್ಪ ತಂದುಕೊಟ್ಟ ಡಬ್ಬೀದೇ... ಎಳೆ ಬೆಳ್ಳಗಾಗಿದೆಯಾ? ಆಗಲಿ ಬಿಡು. ಬಿಸಿ ಹಾಲಿಗೆ ಬಿದ್ದರೆ ಯಾರ ಬಣ್ಣ ತಾನೇ ಉಳಿಯುತ್ತೆ? ಹಾಗೆ ನೋಡಬೇಡ ನಿನ್ನ ಅಜ್ಜೀನ. ಬೆಳಿಗ್ಗೆಯಿಂದ ಸಂಜೆವರೆಗೆ ಊರವರ ಖಾರದಪುಡಿಯಲ್ಲಿ ಇಟ್ಟಿಗೆಪುಡಿ ಹುಡುಕೋ ಕೆಲಸ ನಿನ್ನದು, ಮನೆಗೆ ಬಂದರೂ ಅದೇ ಕಣ್ಣು!

ಮೂರು ತಿಂಗಳಿಂದ ಕುಡೀತಿದ್ದೀಯ, ಗುಣ ಕಂಡಿಲ್ವಾ? ಮೊದಲು ಹೇಗಿದ್ದೆ ಹೇಳು. ಮುಟ್ಟಿಗೆ ನಾಲ್ಕು ದಿನ ಇರುವಾಗಲೇ ಬಾಚಣಿಗೆ ಹಲ್ಲು ಮುರೀತು ಅಂತ ಅಳ್ತಾ ಕೂತೆ. ಫ್ಯಾನು ಕಿರ್ರ್ ಅನ್ನುತ್ತೆ ಅಂತ ಅದರ ಜೊತೆ ಜಗಳಕ್ಕೆ ನಿಂತೆ. ಹೊಟ್ಟೆ ಹಿಡಿದು ಮುದುರಿ ಮಲಗಿದೆ. ಆಗ ತಾನೇ ದೊಡ್ಡಪ್ಪ ಫೋನು ಹಿಡಿದು ಮೆಟ್ಟಿಲಿಳಿದು ಬಂದದ್ದು? ಹೆಂಗಸರ ಸಂಕಟದ ಮೇಲೆ ಒಂದು ಗಂಟೆ ಭಾಷಣ. ಅವನಿಗೆ ಜನ್ಮದಲ್ಲಿ ಒಂದೇ ಸಲ ಬಿಕ್ಕಳಿಕೆ ಹಿಡಿದಿತ್ತು, ಮೂವರು ಡಾಕ್ಟರನ್ನು ಕರೆಸಿದ್ದ. ಕೇಸರಿ ಕೊಟ್ಟರೆ ಮನೆ ತಣ್ಣಗಾಗುತ್ತೆ ಅಂತ ಅಪ್ಪಣೆ ಆಯಿತು. ನಿನ್ನ ನೋವು ಕಡಿಮೆಯಾಗುತ್ತೆ ಅನ್ನಲಿಲ್ಲ ನೋಡು, ಮನೆ ತಣ್ಣಗಾಗುತ್ತೆ ಅಂದ. ಡಾಕ್ಟರಮ್ಮ ಮಾತ್ರ, ಕೆಲವರಿಗೆ ಹಿಡಿಸುತ್ತೆ, ಕೆಲವರಿಗೆ ಇಲ್ಲ, ಎರಡೆಳೆ ಹಾಕಿ ನೋಡಿ ಅಂದಳು.

ಯಾಕೆ ನಗ್ತೀಯ? ಸದ್ಯ, ನಕ್ಕೆಯಲ್ಲ. ಈಗ ಕುಡಿ.

...ಕೆಳಗಿಟ್ಟೆಯಾ. ಸರಿ. ಆ ಡಬ್ಬಿಯಿಂದ ದೊಡ್ಡಪ್ಪನೇ ಒಂದು ಚಿಟಿಕೆ ಎತ್ತಿಕೊಂಡ, ಪರೀಕ್ಷೆ ಮಾಡೋಕಂತೆ. ಇನ್ನೊಂದು ಚಿಟಿಕೆ ಕೆನೆಯಲ್ಲಿ ಕಲಸಿ ಕನ್ನಡಿ ಮುಂದೆ ನಿಂತು ಕೆನ್ನೆಗೆ ಮೆತ್ತಿಕೊಂಡ. ನಾನೇ ಕಂಡಿದ್ದೀನಿ.

ಅಷ್ಟಕ್ಕೆ ಡಬ್ಬಿ ಖಾಲಿ ಆಗುತ್ತಾ ಅಂತ ಕಣ್ಣಲ್ಲೇ ಕೇಳ್ತೀಯಾ? ಆಗಲ್ಲ. ಸರಿ, ಹೇಳಿಬಿಡ್ತೀನಿ... ಇದು ಮೆಕ್ಕೆಜೋಳದ ತೆನೆ ಕೂದಲು. ಗಾಡಿಯವಳು ಸುಲಿದು ಎಸೀತಿದ್ದಳು, ಎತ್ತಿಕೊಂಡು ಬಂದೆ. ಬೀಟ್ರೂಟ್ ರಸದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಹಾಲಿಗೆ ಚೂರು ಅರಿಶಿನ. ವಿಷ ಏನಲ್ಲ.

ಕೇಸರಿ ಎಲ್ಲಿ ಅಂತೀಯಾ? ನಾನೇ ತಿಂದೆ. ಈ ವಯಸ್ಸಲ್ಲಿ ಬಾಯಿಚಪಲ. ಬೈದುಬಿಡು, ಮುಗೀಲಿ.

ಬೈಯೋದು ಬಿಟ್ಟು ಅಡುಗೆಮನೆ ಕಡೆ ಯಾಕೆ ನೋಡ್ತೀಯ? ಅಲ್ಲಿ ನಿಮ್ಮಮ್ಮ ಪಾತ್ರೆ ತೊಳೀತಿದ್ದಾಳೆ, ಅಷ್ಟೇ. ಹಾಡ್ಕೊತಿದ್ದಾಳಾ? ಹಾಡಲಿ. ಅವಳ ಗಂಟಲು, ಅವಳ ಹಾಡು, ನನಗೇನು? ಅತ್ತೆಗೂ ಸೊಸೆಗೂ ಇಪ್ಪತ್ತೈದು ವರ್ಷದಿಂದ ಎಣ್ಣೆ ಸೀಗೆಕಾಯಿ, ಇಡೀ ಬೀದಿಗೇ ಗೊತ್ತು...

ಏನು ಮಾಡಲಿ ಮತ್ತೆ? ನಿನ್ನ ಸಂಕಟಕ್ಕೆ ಡಬ್ಬಿ ಇದೆ, ಡಾಕ್ಟರಮ್ಮ ಇದ್ದಾಳೆ, ದೊಡ್ಡಪ್ಪನ ಭಾಷಣ ಇದೆ. ನಿಮ್ಮಮ್ಮನಿಗೆ ಮುಟ್ಟು ನಿಲ್ಲೋ ಕಾಲ. ಮೈಯೆಲ್ಲ ಬೆಂಕಿ ಅಂತ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳ್ತಿದ್ದಳು. ಈ ಮನೆಯಲ್ಲಿ ಯಾರಿಗೂ ಕೇಳಿಸಲಿಲ್ಲ, ಕಿವುಡಿ ಅನ್ನಿಸಿಕೊಂಡ ನನಗೆ ಕೇಳಿಸ್ತು. ಹಾಗಂತ ಸೊಸೆಗೆ ಅಕ್ಕರೆಯಿಂದ ಕೇಸರಿ ಹಾಲು ಕೊಟ್ಟೆ ಅಂದರೆ ನನ್ನ ಮರ್ಯಾದೆ ಏನಾಗಬೇಕು? ಮಿಕ್ಕಿದೆ, ಚೆಲ್ಲೋ ಬದಲು ನೀನಾದರೂ ನುಂಗು ಅಂತ ದಿನಾ ಬೈದೇ ಕೊಟ್ಟೆ.

ನಿನಗೆ ನೋವಿಲ್ಲ ಅಂತ ನೀನೇ ಹೇಳ್ತಿದ್ದೆಯಲ್ಲ. ಅಜ್ಜಿ, ಈ ಸಲ ಹೊಟ್ಟೆ ಹೂವಿನ ಹಾಗಿದೆ ಅಂದೆ. ಅದಕ್ಕೇ ಧೈರ್ಯ ಬಂತು. ತೆನೆ ಕೂದಲಿಗೆ ಅಷ್ಟು ಗುಣ ಇದೆ ಅಂತ ನಾನು...

ಯಾಕೆ ಲೋಟ ತಿರುಗಿಸ್ತಾ ಕೂತೆ?

ಇಟ್ಟಿಗೆಪುಡಿ ಹಿಡಿಯೋ ಕಣ್ಣಿಗೆ ಮೂರು ತಿಂಗಳು ಇದು ಕಾಣಲಿಲ್ವಾ? ಕಂಡಿತ್ತಾ? ಮೊದಲ ದಿನವೇ? ಗೊತ್ತಿದ್ದೂ ಗೊತ್ತಿದ್ದೂ ಕುಡಿದೆಯಾ?

ಹಾಗೆ ನೋಡಬೇಡ. ಹೌದು, ನಿನ್ನ ನೋವು ನನಗೂ ಗೊತ್ತಿತ್ತು. ಮೊನ್ನೆ ಹಾಸಿಗೆ ಮಡಚುವಾಗ ನಿನ್ನ ದಿಂಬಿನ ಕೆಳಗೆ ಬಿಸಿನೀರಿನ ಚೀಲ ಸಿಕ್ಕಿತ್ತು. ಇನ್ನೂ ಬೆಚ್ಚಗಿತ್ತು. ಅಲ್ಲೇ ಇಟ್ಟು ದಿಂಬು ಮುಚ್ಚಿದೆ... ಕೇಳಲಿಲ್ಲ. ಕೇಳಿದ್ದರೆ ನಿಮ್ಮಮ್ಮನ ಹಾಲು ನಿಲ್ಲಿಸಬೇಕಾಗಿತ್ತು.

ನಿನ್ನ ಹೆಗಲ ಚೀಲದಿಂದ ಏನು ತೆಗೀತಿದ್ದೀಯ? ಎರಡು ಡಬ್ಬಿ ಕೇಸರಿ. ಎರಡ್ಯಾಕೆ... ಓ, ಒಂದು ನಿಮ್ಮಮ್ಮನಿಗಾ.

ಆಗಲಿ. ಆದರೆ ಅವಳ ಹತ್ತಿರ ಬಾಯಿ ಬಿಟ್ಟೀಯ ಜೋಕೆ. ನಾಳೆಯೂ ಬೈದೇ ಕೊಡ್ತೀನಿ.