ಫ್ಯಾನಿನ ಮುಖ

ಫ್ಯಾನಿನ ಮುಖ ಯಾರ ಕಡೆಗಿರಬೇಕೆಂಬುದು ಗಹನವಾದ ಪ್ರಶ್ನೆಯೆಂದು ಬಸ್ಸಿಗೆ ಕಾಯುತ್ತಿದ್ದ ವಕೀಲರಿಗೆ ಅಂದೇ ತಿಳಿದದ್ದು. ಪಕ್ಕದಲ್ಲಿ, ಬೈಂಡಿಂಗ್ ಅಂಗಡಿಯಲ್ಲಿ ಹಾಳೆ ಜೋಡಿಸುವ ಹೆಂಗಸೂ ಅವಳ ತಂಗಿಯೂ ನಿಂತಿದ್ದರು.

“ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಏನು ಕೊಟ್ರಕ್ಕಾ?”

“ಕೊಡೋಕೆ ಧಣಿ ಹತ್ರ ಏನಿದೆ? ಇರೋ ಒಂದು ಫ್ಯಾನನ್ನ ತಿಂಗಳಿಡೀ ನನ್ನ ಕಡೆ ತಿರುಗಿಸಿದಾರೆ.”

“ಪುಣ್ಯವಂತೆ!”

“ಯಾವ ಪುಣ್ಯಾನೇ? ಜೋಡಿಸಿದ ಹಾಳೆಯೆಲ್ಲ ಹಾರುತ್ತೆ. ಅರ್ಧ ದಿನ ಮೇಜಿನ ಕೆಳಗೇ ಇರ್ತೀನಿ. ಹೀಗೇ ಆದ್ರೆ ಕೆಲಸಾನೂ ಹೋಗುತ್ತೆ.”

“ಬೇಡ ಅನ್ನು.”

“ಗಾಳಿ ಬೇರೆಯವರಿಗೆ ಬರಲಿ ಅಂದೆ. ಎಂಥಾ ದೊಡ್ಡ ಮನಸ್ಸಮ್ಮಾ ಅಂತ ಕಣ್ಣೊರೆಸಿಕೊಂಡ್ರು.”

“ಆಮೇಲೆ?”

“ಮುಂದಿನ ತಿಂಗಳೂ ನಂಗೇ ಅಂದ್ರು.”

“ಅಲ್ಲಕ್ಕಾ, ಇದು ಬಹುಮಾನಾನೋ, ಶಿಕ್ಷೇನೋ?”

“ನಂಗೂ ತಿಳೀತಿಲ್ಲ ಕಣೇ.”

ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು. ಯಾರ ಪರ ವಾದಿಸಬೇಕೆಂದು ಯೋಚಿಸುತ್ತ ನಿಂತ ವಕೀಲರಿಗೆ ಅದೇ ಬಸ್ಸು ತಪ್ಪಿತು.