ಐದೂವರೆಯ ಬಸ್ಸಿಗೆ ಕೊಟ್ಟ ಸುದ್ದಿ

ಗೌರವಾನ್ವಿತ ಅಧ್ಯಕ್ಷರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿನಿ ನಾಗಶ್ರೀ, ಮದ್ದೂರು ಸೀಮೆಯ ಸಭಿಕರೇ,

ನಾಗಶ್ರೀ ನಡೆಸುವ ‘ಅರಳಿಕಟ್ಟೆ’ ಬ್ಲಾಗಿಗೆ ಐದು ವರ್ಷ ತುಂಬಿದ ಈ ಸಭೆಯಲ್ಲಿ ಅಭಿನಂದನೆಯ ಮಾತಾಡಲು ನನ್ನನ್ನು ಕರೆದಿದ್ದಾರೆ. ಮೇಷ್ಟರ ಕೆಲಸದ ಜೊತೆಗೆ ಇಪ್ಪತ್ತೆಂಟು ವರ್ಷ ಜಿಲ್ಲಾ ಪತ್ರಿಕೆಗೆ ಸುದ್ದಿ ಬರೆದವನು ನಾನು. ಶಾಲೆ ಬಿಟ್ಟ ಮೇಲೆ ವರದಿ ಬರೆದು, ಲಕೋಟೆಯನ್ನು ಐದೂವರೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಅದು ಮಂಡ್ಯದ ಕಚೇರಿ ಸೇರುತ್ತಿತ್ತು, ಮೂರನೆಯ ದಿನ ಅಚ್ಚಾಗುತ್ತಿತ್ತು. ಆಗ ಟೀ ಅಂಗಡಿಯ ಬೆಂಚಿನಲ್ಲಿ ಜನ ಎದ್ದು ನನಗೆ ಜಾಗ ಬಿಡುತ್ತಿದ್ದರು. ಈಗ ಯಾರಿಗೆ ಬಿಡುತ್ತಾರೆ? ನಾಗಶ್ರೀಗೆ. ಇದರಿಂದ ನನಗೆ ಹೊಟ್ಟೆಯುರಿಯೇ? ಖಂಡಿತ ಇಲ್ಲ. ಆಕೆಯ ಬರಹಗಳನ್ನು ದಿನವೂ ಪ್ರಿಂಟ್ ಹಾಕಿಸಿ ಕೆಂಪು ಪೆನ್ನಿನಿಂದ ತಿದ್ದುತ್ತೇನೆ, ಅಷ್ಟೆ.

ಕಳೆದ ತಿಂಗಳು ಆಕೆ ನಮ್ಮೂರಿಗೆ ನೀರು ಬಿಡುವ ನೀರುಗಂಟಿಯಾಗಿದ್ದ ಕೆಂಪಸಿದ್ದಯ್ಯನ ವಿಷಯ ಬರೆದಳು. ಹನ್ನೆರಡು ವರ್ಷದ ಹಿಂದೆ ಊರಿಗೆ ಎರಡು ದಿನ ಕುಡಿಯುವ ನೀರು ಬರಲಿಲ್ಲ. ನೀರುಗಂಟಿ ಮಲಗಿಬಿಟ್ಟಿದ್ದ ಎಂದು ಪತ್ರಿಕೆಯಲ್ಲಿ ಬಂತು. ಪಂಚಾಯಿತಿಯವರು ಅವನನ್ನು ಕೆಲಸದಿಂದ ತೆಗೆದರು. ಬ್ಲಾಗಿನ ಕೆಳಗೆ ಊರಿನವರು ತಾವು ಕಂಡದ್ದನ್ನು ಒಬ್ಬೊಬ್ಬರಾಗಿ ಬರೆದರು. ದೇವಿರಮ್ಮ ಮೊಮ್ಮಗಳ ಕೈಲಿ ಬರೆಸಿದ್ದು ಇಷ್ಟು: ‘ಮೋಟ್ರು ಸುಟ್ಟೋಗಿತ್ತು ಕಣಮ್ಮ. ಆವಯ್ಯ ಎರಡು ದಿನವೂ ಬೋರ್‌ವೆಲ್ ತಾವೇ ಇದ್ದ. ಮುದ್ದೆ ತಕ್ಕೊಂಡೋಗಿ ಕೊಟ್ಟೋಳು ನಾನೇ.’

ಕೆಂಪು ಪೆನ್ನು ಹಿಡಿದು ನಾಗಶ್ರೀಯ ಬರಹವನ್ನು ಮೂರು ಸಲ ಓದಿದೆ. ಎರಡು ಕಡೆ ವಾಕ್ಯ ಸಡಿಲವಾಗಿತ್ತು. ಸುಳ್ಳು ಎಲ್ಲಿಯೂ ಸಿಗಲಿಲ್ಲ. ಹಳೆಯ ಸುದ್ದಿ ಬರೆದದ್ದು ಯಾರೆಂದು ಆಕೆಗೆ ಗೊತ್ತು; ಆದರೂ ‘ಒಬ್ಬ ವರದಿಗಾರರು’ ಎಂದಷ್ಟೇ ಬರೆದಿದ್ದಳು. ಸಭಿಕರೇ, ಆಕೆಯ ಓದುಗರನ್ನು ಹೇಗೋ ಸಹಿಸಿದ್ದೆ. ಈ ದೊಡ್ಡತನವನ್ನು ಸಹಿಸಲಾಗಲಿಲ್ಲ.

ಆ ವರದಿಗಾರ ನಾನು. ಪಂಚಾಯಿತಿ ಕಾರ್ಯದರ್ಶಿ ಹೇಳಿದ್ದನ್ನು ಹಾಗೆಯೇ ಬರೆದು, ಬಸ್ಸು ತಪ್ಪೀತೆಂದು ಓಡಿದೆ. ಮೊನ್ನೆ ಕೆಂಪಸಿದ್ದಯ್ಯನ ಮನೆಗೆ ಹೋದೆ. ಕುರ್ಚಿ ಹಾಕಿ ಕೂರಿಸಿ, ನಿಧಾನವಾಗಿ ಕೇಳಿದ: ‘ಮಂಡ್ಯಗಂಟ ಸುದ್ದಿ ಕಳಿಸಿದ್ರಲ್ಲ ಮೇಷ್ಟ್ರೇ, ಸ್ಕೂಲ್ ಪಕ್ಕದಲ್ಲೇ ನಮ್ಮನೆ. ಒಂದ್ಮಾತು ಕೇಳಕ್ಕೆ ಬರ್ನಿಲ್ವಲ್ಲ?’

ನಾಗಶ್ರೀ, ‘ಒಬ್ಬ ವರದಿಗಾರರು’ ಎಂಬುದನ್ನು ಅಳಿಸಿ ಎಸ್. ಮರಿಯಯ್ಯ ಎಂದು ಹಾಕಮ್ಮ. ಅದರ ಕೆಳಗೆ ನಡೆದದ್ದನ್ನು ನಾನೇ ಬರೆಯುತ್ತೇನೆ. ಈಗ ಬಸ್ಸಿಗೆ ಕಾಯಬೇಕಾಗಿಲ್ಲವಲ್ಲ.

ಇಷ್ಟು ಹೊತ್ತು ಕೇಳಿದ ತಮಗೆಲ್ಲ ವಂದನೆಗಳು. ಮೂರನೆಯ ಸಾಲಿನಲ್ಲಿ ಕುಳಿತಿರುವ ಕೆಂಪಸಿದ್ದಯ್ಯನವರಿಗೆ ನನ್ನ ನಮಸ್ಕಾರ.