ಹಸಿ ತಾರಸಿಯ ಕೆಳಗೆ

ಸ್ವಲ್ಪ ಹತ್ತಿರ ಬನ್ನಿ. ಗಂಟಲು ಹರ್ಕೊಂಡು ಹೇಳೋ ಕತೆ ಅಲ್ಲ ಇದು. ಮಧ್ಯೆ ಯಾರೂ ಕಿಸಕ್ ಅನ್ನಬೇಡಿ... ಇದು ನಡೆದದ್ದು ನನ್ನ ದೊಡ್ಡಪ್ಪನ ಮಗನಿಗೆ. ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕೂತು ಅವನ ಬಾಯಿಂದಲೇ ಕೇಳಿದ್ದು.

ಅಣ್ಣ ಸೆಂಟ್ರಿಂಗ್ ಮೇಸ್ತ್ರಿ. ತಾರಸಿಗೆ ಕಾಂಕ್ರೀಟ್ ಹಾಕಿದ ಮೇಲೆ ಅದು ಗಟ್ಟಿಯಾಗೋವರೆಗೂ ಕೆಳಗಿಂದ ಮರದ ಗಳ ನಿಲ್ಲಿಸಿ ಎತ್ತಿ ಹಿಡೀಬೇಕಲ್ಲ, ಆ ಕೆಲಸ. ದಿನಾ ಮಲಗೋ ಮುಂಚೆ ಪ್ರತಿ ಗಳಕ್ಕೂ ಸುತ್ತಿಗೆಯಿಂದ ಒಂದೊಂದು ಏಟು ಕೊಟ್ಟು ಕಿವಿಗೊಡ್ತಿದ್ದ. ಠಕ್ ಅಂದ್ರೆ ಭಾರ ಹೊತ್ತಿದೆ. ಡುಬ್ ಅಂದ್ರೆ ಸಡಿಲ. ನಮ್ಮನೆಗೆ ಬಂದ್ರೂ ಕೂರೋ ಮೊದಲು ಕುರ್ಚಿ ಕಾಲು ಬಡಿದು ನೋಡೋ ಆಸಾಮಿ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತ ನಾವು ನಗ್ತಿದ್ವಿ.

ಅವನು ಆಗ ಕೆಲಸ ಮಾಡಿ, ರಾತ್ರಿ ಅಲ್ಲೇ ಮಲಗ್ತಿದ್ದ ಸೈಟಿನ ವಿಷಯ ಹೇಳ್ಬೇಕು. ಅಲ್ಲಿ ಮೊದಲು ಸಾಲುಮನೆಗಳಿದ್ವು. ಊರು ಬೆಳೀತು, ಜಾಗಕ್ಕೆ ಚಿನ್ನದ ಬೆಲೆ ಬಂತು, ಮಾಲೀಕನಿಗೆ ಆರು ಅಂತಸ್ತಿನ ಕಟ್ಟಡದ ಕನಸು ಬಿತ್ತು. ಬಾಡಿಗೆಯವರು ಜಾಗ ಬಿಟ್ಟು ಏಳಲಿಲ್ಲ. ಮೊದಲು ಕಬ್ಬಿಣದ ರಾಡು ಹಿಡಿದವರು ಬಂದ್ರು. ಒಬ್ಬನ ದವಡೆ ಮುರೀತು, ಇನ್ನೊಬ್ಬನ ಮೊಣಕಾಲು ಚೂರಾಯ್ತು. ಆಗಲೂ ಏಳಲಿಲ್ಲ. ಆಮೇಲೆ ಒಂದು ರಾತ್ರಿ, ದೀಪ ಆರಿಸಿಕೊಂಡು ಮಣ್ಣು ತೋಡೋ ಯಂತ್ರ ಬಂತು. ಹಿಂದಿನ ಗೋಡೆ ತಳ್ತು. ಸೂರು ಹಾಗೇ ಒಳಕ್ಕೆ ಕೂತ್ಕೊಳ್ತು. ಒಳಗೆ ಯಾರೂ ಇರಲಿಲ್ಲ ಅಂದ್ರು. ಬೆಳಗ್ಗೆ ಯಂತ್ರದ ಹಲ್ಲಿಗೆ ಒಂದು ಕಂಬಳಿ ಸಿಕ್ಕಿಕೊಂಡಿತ್ತು, ಕಂಬಳಿಗೆ ಕೂದಲು ಅಂಟಿತ್ತು. ಮಣ್ಣು ಎಳೆದು ಮುಚ್ಚಿದ್ರು, ಅದರ ಮೇಲೆ ಪಾಯ ಹಾಕಿದ್ರು. ಆ ಮಾಲೀಕನ ನೆನಪಾದ್ರೆ ಈಗಲೂ ನನ್ನ ಹೊಟ್ಟೆ ಉರಿಯುತ್ತೆ.

ಈ ಕತೆ ನಡೆದ ದಿನ ಅಣ್ಣ ಪ್ಲೈವುಡ್ ತರೋಕೆ ಅಂತ ಬೆಳಗ್ಗೆಯೇ ಹೋದವನು, ವಾಪಸ್ ಬರೋ ಹೊತ್ತಿಗೆ ಊರೆಲ್ಲಾ ಮಲಗಿತ್ತು. ಪಾಳುಬಾವಿ ಪಕ್ಕದ ದಾರಿಯಲ್ಲಿ ನಡ್ಕೊಂಡು ಬಂದ. ಕರೆಂಟ್ ಇರಲಿಲ್ಲ. ನೆಲಮಹಡಿಯ ಮೇಲೆ ತಾರಸಿ ಹಾಕಿ ಇನ್ನೂ ವಾರ ತುಂಬಿರಲಿಲ್ಲ. ಅದರ ಕೆಳಗೇ, ಆಚೆ ಮೂಲೆಯಲ್ಲಿ, ಅವನ ತಮ್ಮ ಮಲಗ್ತಿದ್ದದ್ದು. ನಾವೆಲ್ಲ ಚಿಕ್ಕೋನು ಅಂತೀವಿ. ಸಿನಿಮಾ ನೋಡಿ ಬಂದು, ಕತ್ತಲಲ್ಲೇ ನುಗ್ಗಿ, ಕಂಬಳಿ ಎಳ್ಕೊಂಡು ಗೊರಕೆ ಹೊಡೀತಿದ್ದ.

ಅಣ್ಣ ಮೊಬೈಲ್ ಬೆಳಕನ್ನ ಕಾಲ ಮುಂದಕ್ಕೆ ಹಿಡಿದ. ಮೊಳೆ ತುಳಿದೇನು ಅನ್ನೋ ಭಯ. ಕೆಲಸ ಕಿವಿಯದ್ದು ತಾನೇ... ಮೊದಲ ಸಾಲು. ಠಕ್. ಠಕ್. ಠಕ್. ಎರಡನೇ ಸಾಲು. ಠಕ್. ಠಕ್...

ಪಚ್.

ನಿಂತ. ಇನ್ನೊಂದು ಸಲ ಬಡಿದ. ಪಚ್... ಒದ್ದೆ ಸದ್ದು. ಜೊತೆಗೆ ಉಸಿರು ಎಳ್ಕೊಂಡ ಸದ್ದು.

ಬೆಳಕು ಮೇಲೆತ್ತಿದ.

ಒಬ್ಬ ಮನುಷ್ಯ. ಎರಡೂ ಕೈ ಮೇಲೆ ಕೊಟ್ಟು ತಾರಸಿ ಹೊತ್ತು ನಿಂತಿದಾನೆ. ತಲೆಯ ಒಂದು ಕಡೆ ಒಳಕ್ಕೆ ಕುಸಿದಿದೆ. ಕಣ್ಣಿನ ಗುಳಿಯಲ್ಲಿ ಮಣ್ಣು ಗಟ್ಟಿಯಾಗಿದೆ. ಸುತ್ತಿಗೆ ಬಿದ್ದ ಪಕ್ಕೆಯಿಂದ ಕಪ್ಪಗೆ ಏನೋ ಜಿನುಗ್ತಿದೆ...

"ಹೊಡೀಬೇಡ," ಅಂದ. ಪಿಸುದನಿ. "ಕೈ ಸೋತಿದೆ... ಸ್ವಲ್ಪ ಹಿಡ್ಕೋ."

ಅಣ್ಣನಿಗೆ ಓಡಬೇಕು ಅನ್ನಿಸಿತಂತೆ. ಸುಳ್ಳು ಯಾಕೆ ಹೇಳ್ಲಿ, ನಾನಾಗಿದ್ರೆ ಓಡೇ ಬಿಡ್ತಿದ್ದೆ. ಅಷ್ಟರಲ್ಲಿ ಆ ಮನುಷ್ಯನ ತೋಳು ನಡುಗ್ತು. ಮೇಲಿಂದ ಸರಸರ ಅಂತ ಸಿಮೆಂಟ್ ಪುಡಿ ಉದುರ್ತು.

"ಆ ಮೂಲೇಲಿ ಹುಡುಗ ಮಲಗಿದಾನೆ," ಅಂದ ಅವನು. "ಎಬ್ಬಿಸಿ ಕಳಿಸು. ಬೇಗ..."

ಅಣ್ಣ ಸುತ್ತಿಗೆ ಬಿಸಾಡಿದ, ಮೊಬೈಲನ್ನ ಬೆಳಕಿದ್ದ ಹಾಗೇ ಅಂಗಿ ಜೇಬಿಗೆ ಸಿಕ್ಕಿಸಿದ. ಕೈ ಎತ್ತಿ ತಾರಸಿಗೆ ಕೊಟ್ಟ. ಲಟಕ್... ಲಟಕ್... ಕೀಲು ಬಿಡಿಸಿಕೊಂಡ ಹಾಗೆ ಆ ಮನುಷ್ಯ ತೋಳು ಇಳಿಸಿ ಕತ್ತಲಿಗೆ ಸರಿದ. ಇಳಿಸಿದ್ದೇ ತಡ, ಭಾರ ಬಿತ್ತು. ಭುಜದೊಳಗೆ ಏನೋ ಹರಿದದ್ದು ಅಣ್ಣನಿಗೇ ಕೇಳಿಸ್ತು.

"ಚಿಕ್ಕೋನೇ! ಏಳೋ! ಆಚೆ ಓಡು!"

ಎದ್ದ ಚಿಕ್ಕೋನು ಆಚೆ ಓಡಲಿಲ್ಲ. ಕಣ್ಣುಜ್ಜಿಕೊಂಡು ಸೀದಾ ಅಣ್ಣನ ಹತ್ತಿರ ಬಂದ. "ಏನಣ್ಣಾ ಇದು ವೇಷ? ಕುಡಿದಿದೀಯಾ?"

"ತಾರಸಿ ಬೀಳುತ್ತೆ, ಆಚೆ ಹೋಗು ಅಂದ್ನಲ್ಲ!"

"ನಿನ್ನ ಬಿಟ್ಟು ಹೋಗ್ತೀನಾ? ಬಾ ಮಲ್ಕೋ," ಅಂತ ಸೊಂಟ ಹಿಡಿದು ಎಳೆದ.

ಅಣ್ಣನಿಗೆ ಕೈ ಬಿಡೋ ಹಾಗಿಲ್ಲ. ಹಣೆಯಿಂದ ತಮ್ಮನ ಮುಖಕ್ಕೆ ಗುದ್ದಿದ. ಮೂಗಿನ ಮೂಳೆ ಪಟ್ ಅಂತು. ಚಿಕ್ಕೋನಿಗೂ ಮೂಗಿನ ತುದೀಲೇ ಕೋಪ. ರಕ್ತ ಒರಸ್ಕೊಂಡು ಅಣ್ಣನ ಬಾಯಿಗೆ ಬಾರಿಸಿದ. ಹಲ್ಲು ಮುರೀತು. ಮತ್ತೊಂದು ಹೊಟ್ಟೆಗೆ. ಅಣ್ಣ ಬಾಗಲಿಲ್ಲ... ಬಾಗಿದ್ರೆ ಇಬ್ಬರೂ ಹೋಗ್ತಿದ್ರು. ಹುಟ್ಟಿದಾಗಿಂದ ಎತ್ತಿ ಆಡಿಸಿದ ತಮ್ಮ. ಅವನ ಎದೆಗೆ ಗುರಿಯಿಟ್ಟು, ಮೈಯಲ್ಲಿದ್ದ ಅಷ್ಟೂ ಬಲ ಹಾಕಿ ಜಾಡಿಸಿ ಒದ್ದ. ಪಕ್ಕೆಲುಬು ಮುರಿದ ಸದ್ದು ಕೇಳಿಸ್ತಂತೆ. ಚಿಕ್ಕೋನು ಉರುಳಿ, ಗೋಡೆ ಕಟ್ಟದೇ ಬಿಟ್ಟಿದ್ದ ಜಾಗದಿಂದ ಆಚೆ ಮರಳಿನ ಮೇಲೆ ಬಿದ್ದ.

ಕಿರ್ರ್ರ್...

ಆಮೇಲೆ ದೊಡ್ಡ ಸದ್ದು. ನಾಲ್ಕು ಬೀದಿ ಆಚೆ ಇದ್ದ ನಮ್ಮನೆ ಕಿಟಕಿ ಗಾಜು ಗಡಗಡ ಅಂತ ಅದುರ್ತು.

ಅಣ್ಣನ ಮೈ ಮೆಟ್ಟಿಲ ಸಂದಿಗೆ ಜಾರಿತ್ತು, ಅದಕ್ಕೇ ಉಳಿದ. ಎತ್ತಿದ ಕೈ ಮಾತ್ರ ಮೇಲೆ ಸಿಕ್ಕಿಕೊಂಡಿದ್ವು. ಎರಡನ್ನೂ ಮೊಣಕೈವರೆಗೆ ಕತ್ತರಿಸಿಯೇ ಈಚೆ ತೆಗೆದದ್ದು. ಆಸ್ಪತ್ರೆಯಲ್ಲಿ ಚಿಕ್ಕೋನು ಎದೆಗೆ ಪಟ್ಟಿ ಕಟ್ಟಿಸಿಕೊಂಡು, ಅಣ್ಣನ ಕಾಲ ಹತ್ತಿರ ಕೂತು ಮಗುವಿನ ಹಾಗೆ ಅಳ್ತಿದ್ದ. "ಅವನು ನಿಂತಿದ್ದ ಕಡೆ ಒಂದು ಗಳ ಕೆಟ್ಟು ಹೀಗಾಯ್ತು," ಅಂತಿದ್ದ ಅಣ್ಣ. "ಮಿಕ್ಕಿದ್ದೆಲ್ಲಾ ಗಟ್ಟಿಯಾಗಿದ್ವು. ನಾನೇ ಬಡಿದು ಕೇಳಿದೀನಿ."

ಮೂರನೇ ದಿನ ಸೈಟಿನ ಲಾರಿ ಡ್ರೈವರ್ ಆಸ್ಪತ್ರೆಗೆ ಬಂದ. ಬಾಗಿಲಲ್ಲೇ ಕುಸಿದು ಕೂತ.

"ಮಾಲೀಕ ಹೇಳ್ದ ಅಣ್ಣಾ. ಇದು ಗಟ್ಟಿಯಾಯ್ತು, ಗಳ ಬಿಚ್ಚಿ ಆಚೆ ಸೈಟಿಗೆ ಹಾಕು ಅಂದ. ಅದು ಬಿದ್ದ ದಿನವೇ, ಬೆಳಕಿರೋವಾಗಲೇ ತುಂಬ್ಕೊಂಡು ಹೋದ್ವಿ."

"ಎಷ್ಟು ಬಿಚ್ಚಿದ್ರಿ?" ಅಂದ ಅಣ್ಣ.

"ಎಲ್ಲಾನೂ. ಒಂದೂ ಬಿಡಲಿಲ್ಲ..."

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಸಾಲು ಸಾಲಾಗಿ ಬಡ್ಕೊಂಡು ಬಂದಿದ್ನಲ್ಲ ಅವನು, ಠಕ್ ಠಕ್ ಅಂತ... ಗಳವೇ ಇರಲಿಲ್ಲ ಅಂದ್ಮೇಲೆ, ಕತ್ತಲಲ್ಲಿ ಅವನು ಬಡಿದದ್ದು ಯಾರನ್ನ?

ನಂಬದಿದ್ರೆ ಬಿಡಿ. ಡ್ರೈವರ್ ಮಾತು ನಾನೂ ನಂಬಿರಲಿಲ್ಲ. ಆವತ್ತೇ ಮಧ್ಯಾಹ್ನ ಆಚೆ ಸೈಟಿಗೆ ಹೋಗಿ ಕಣ್ಣಾರೆ ನೋಡಿದೆ. ಅಣ್ಣನ ಗಳಗಳು ಅಷ್ಟೂ ಅಲ್ಲೇ ಇದ್ವು. ಆಗಲೇ ಇನ್ನೊಂದು ಹಸಿ ತಾರಸಿ ಹೊತ್ತಿದ್ವು, ಕೆಳಗೆ ಯಾರದೋ ಹಾಸಿಗೆ ಹಾಸಿತ್ತು.